ಗುಂಡಿ, ಗಾಡಿ, ಕೆರೆ: ದೇವನಹಳ್ಳಿಯ ಸುತ್ತ ಬಳಸಿ ಬಿಟ್ಟ ನೀರಿನ ಬೆನ್ನುಹತ್ತಿ

ವಿಮಾನ ಹತ್ತುವವರು ದೇವನಹಳ್ಳಿಯ ಹೆಸರನ್ನು ಫಲಕದಲ್ಲಿ ಓದುತ್ತಾರೆ, ಊರನ್ನು ನೋಡುವುದಿಲ್ಲ. ಹೆಬ್ಬಾಳದಲ್ಲಿ ಮೇಲ್ಸೇತುವೆ ಏರಿದ ಕಾರು ನಿಲ್ದಾಣದ ಕವಲಿನಲ್ಲಿ ತಿರುಗಿಕೊಂಡರೆ ಅಲ್ಲಿಗೆ ಮುಗಿಯಿತು. ಭಾನುವಾರ ನಸುಕಿನಲ್ಲಿ ನಂದಿಬೆಟ್ಟದ ಮೋಡ ನೋಡಲು ಹೊರಟ ಬೈಕುಗಳದು ಇನ್ನೂ ಅವಸರ. ಬೈಪಾಸಿನಲ್ಲಿ ಊರನ್ನು ಬದಿಗೆ ಸರಿಸಿ ಹೋಗಿಬಿಡುತ್ತವೆ. ಕೋಟೆ, ಟಿಪ್ಪು ಹುಟ್ಟಿದ ಜಾಗ, ಚಕ್ಕೋತ ಎಂದು ಹುಡುಕಿಕೊಂಡು ಬರುವವರು ಕೆಲವರು ಉಂಟು. ಅವರೂ ನೋಡದೆ ಹೋಗುವ ಒಂದು ಜಾಗ ಈ ಊರಿನ ಅಂಚಿನಲ್ಲಿದೆ. ಅದನ್ನೇ ನೋಡಿಕೊಂಡು ಹೋಗಲು ಬೇರೆ ರಾಜ್ಯಗಳ ಪುರಸಭೆ ಅಧಿಕಾರಿಗಳು, ಎಂಜಿನಿಯರುಗಳು ಇಲ್ಲಿಗೆ ಬಂದದ್ದುಂಟು. ಮನೆಗಳ ಪಿಟ್ ಗುಂಡಿಯಿಂದ ಹೀರಿ ತಂದ ಮಲದ ಕೆಸರನ್ನು ಸಂಸ್ಕರಿಸಿ ಗೊಬ್ಬರ ಮಾಡುವ ಘಟಕ ಅದು.

ಪ್ರವಾಸ ಕಥನಕ್ಕೆ ಇದೆಂಥ ವಸ್ತು ಎಂದು ಮೂಗು ಮುರಿಯುವವರು ಒಮ್ಮೆ ನಕ್ಷೆ ಬಿಚ್ಚಿ ನೋಡಬೇಕು. ನಂದಿಬೆಟ್ಟದ ಸಾಲು ನದಿಗಳ ತವರು. ಅರ್ಕಾವತಿ ಇಲ್ಲಿಂದ ದಕ್ಷಿಣಕ್ಕೆ ಇಳಿದು ಕಾವೇರಿ ಸೇರುತ್ತದೆ. ದಕ್ಷಿಣ ಪಿನಾಕಿನಿ ದೇವನಹಳ್ಳಿ, ಹೊಸಕೋಟೆ ಸೀಮೆಗಳನ್ನು ಹಾದು ತಮಿಳುನಾಡಿಗೆ ಹೋಗುತ್ತದೆ. ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿಗಳ ಮುಖ ಆಂಧ್ರದ ಕಡೆಗೆ. ಹೆಸರಿಗೆ ಇಷ್ಟೆಲ್ಲ ಹೊಳೆ. ಆದರೆ ಮಳೆಗಾಲ ಕಳೆದ ಮೇಲೆ ಇಲ್ಲಿನ ಹಳ್ಳದಲ್ಲಿ ನೀರು ಕಂಡಿತೆಂದರೆ ಅದು ಬಹುಮಟ್ಟಿಗೆ ಯಾರೋ ಬಳಸಿ ಬಿಟ್ಟದ್ದು. ಹೀಗಾಗಿ ಈ ಸೀಮೆಯ ನದಿಯನ್ನು ಅರಿಯಬೇಕಾದವರು ಬೆಟ್ಟದ ತುದಿಯಿಂದಲ್ಲ, ಬಚ್ಚಲಿನಿಂದ ಹೊರಡಬೇಕು.

ಬೆಂಗಳೂರು ಬಿಡುವ ಮುನ್ನ ಜಕ್ಕೂರಿನಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು. ಸುಮಾರು 160 ಎಕರೆಯ ಕೆರೆ. ಏರಿಯ ಮೇಲೆ ಬೆಳಗಿನ ನಡಿಗೆಯವರು, ನೀರಿನಲ್ಲಿ ಹೆಜ್ಜಾರ್ಲೆಗಳು, ತೆಪ್ಪದಲ್ಲಿ ಬಲೆ ಎಳೆಯುವ ಮೀನುಗಾರರು. ಈ ನೀರಿನ ಬಹುಪಾಲು ಒಂದು ಕಾಲಕ್ಕೆ ಯಾರದೋ ಮನೆಯ ಚರಂಡಿಯಲ್ಲಿತ್ತು ಎಂದರೆ ಹೊಸಬರು ಕೈಲಿದ್ದ ಕ್ಯಾಮೆರಾ ಇಳಿಸುತ್ತಾರೆ. ಕೆರೆಯ ಉತ್ತರ ತುದಿಯಲ್ಲಿ ಬೆಂಗಳೂರು ಜಲಮಂಡಳಿಯ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ ಇದೆ. ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದಿಂದ ಶುರುವಾದದ್ದು. ಅಲ್ಲಿಂದ ಹೊರಬಿದ್ದ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ. ಜೊಂಡು ಬೆಳೆದ ಜೌಗಿನೊಳಗೆ ಮೆಲ್ಲಗೆ ಸುಳಿದು, ಉಳಿದ ಸಾರಜನಕ, ರಂಜಕವನ್ನು ಗಿಡಗಳಿಗೆ ಒಪ್ಪಿಸಿ ಆಮೇಲೆ ಕೆರೆ ಸೇರುತ್ತದೆ. ಕೆರೆ ತುಂಬಿದ ಮೇಲೆ ಸುತ್ತಲಿನ ಬಾವಿಗಳಲ್ಲೂ ನೀರು ಏರಿತು.

ಇಲ್ಲಿ ನಡೆಯುವುದರಲ್ಲಿ ಮಂತ್ರವೇನೂ ಇಲ್ಲ. ಕೊಳಚೆ ನೀರಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲಿಗೂ ಹೆಚ್ಚು ನೀರೇ ಇರುತ್ತದೆ. ಉಳಿದ ಚೂರು ಪಾಲಿನಲ್ಲಿ ಮಲ, ಸೋಪು, ಎಣ್ಣೆ, ಅನ್ನದ ಅಗುಳು. ಬ್ಯಾಕ್ಟೀರಿಯಾಗಳು ಅದನ್ನು ತಿನ್ನುತ್ತವೆ. ತಿನ್ನುವಾಗ ಅವಕ್ಕೆ ಆಮ್ಲಜನಕ ಬೇಕು. ಕೊಳಚೆಯನ್ನು ಹಾಗೇ ಕೆರೆಗೆ ಬಿಟ್ಟರೆ ಅವು ಕೆರೆಯ ಆಮ್ಲಜನಕವನ್ನೇ ಹೀರುತ್ತವೆ, ಮೀನು ಹೊಟ್ಟೆ ಮೇಲು ಮಾಡಿ ತೇಲುತ್ತದೆ. ಎಸ್‌ಟಿಪಿ ಮಾಡುವುದು ಇಷ್ಟೇ: ಆ ಊಟವನ್ನು ಕೆರೆಗೆ ಬರುವ ಮುಂಚೆ, ಗಾಳಿ ತುಂಬಿದ ತೊಟ್ಟಿಯಲ್ಲಿ ಮುಗಿಸಿಬಿಡುವುದು. ಎಷ್ಟು ಊಟ ಬಾಕಿ ಉಳಿದಿದೆ ಎಂದು ಹೇಳುವ ಅಳತೆಗೆ ಬಿಒಡಿ ಎನ್ನುತ್ತಾರೆ. ಊರಿನ ಕೊಳಚೆಯಲ್ಲಿ ಅದು ಲೀಟರಿಗೆ ಸಾಮಾನ್ಯವಾಗಿ 200ರಿಂದ 300 ಮಿಲಿಗ್ರಾಂ ಇರುತ್ತದೆ. 2017ರ ಕೇಂದ್ರ ಅಧಿಸೂಚನೆ ಮಹಾನಗರಗಳಿಗೆ 20, ಉಳಿದ ಊರುಗಳಿಗೆ 30ರ ಮಿತಿ ಹಾಕಿತು. ಎರಡೇ ವರ್ಷದಲ್ಲಿ ಹಸಿರು ನ್ಯಾಯಮಂಡಳಿ ಅದು ಸಾಲದು, 10ಕ್ಕೆ ಇಳಿಸಿ ಎಂದಿತು. ಸಣ್ಣ ಊರಿನ ನದಿಗೆ ದೊಡ್ಡ ಊರಿನ ನದಿಗಿಂತ ಹೆಚ್ಚು ಕೊಳೆ ತಾಳುವ ಶಕ್ತಿ ಇದೆ ಎಂದು 2017ರಲ್ಲಿ ಯಾವ ಲೆಕ್ಕದಲ್ಲಿ ತೀರ್ಮಾನಿಸಿದರೋ!

ಜಕ್ಕೂರಿಗೆ ಒಂದು ಅನುಕೂಲವಿದೆ. ಮನೆಮನೆಗೂ ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ ಪೈಪು ಇದ್ದ ಬಡಾವಣೆಗಳು ಅದರ ಬೆನ್ನಿಗಿವೆ. ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಹೋದಂತೆ ಆ ಪೈಪು ತೆಳ್ಳಗಾಗುತ್ತ ಬಂದು ಒಂದು ಕಡೆ ನಿಂತೇ ಹೋಗುತ್ತದೆ. ಅದರಾಚೆಗಿನದು ಪಿಟ್ಟಿನ ರಾಜ್ಯ.

ದೇವನಹಳ್ಳಿ ಹಳೆಯ ಊರು. 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ ಮಣ್ಣಿನ ಕೋಟೆ ಆಮೇಲೆ ಹೈದರನ ಕಾಲದಲ್ಲಿ ಕಲ್ಲಿನದಾಯಿತು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಅದನ್ನು ಹಿಡಿಯಿತು. ಕೋಟೆಯ ಬಾಗಿಲು ಹೊಕ್ಕರೆ ಈಗಲೂ ಒಳಗೆ ಮನೆಗಳಿವೆ, ವೇಣುಗೋಪಾಲಸ್ವಾಮಿ ಗುಡಿ ಇದೆ, ಬೀದಿಯ ಎರಡೂ ಬದಿಗೆ ಕಲ್ಲು ಹಾಸಿದ ಚರಂಡಿ ಇದೆ. ಇಂಥ ಓಣಿಗಳಲ್ಲಿ ಯುಜಿಡಿ ಹಾಕುವುದೆಂದರೆ ಒಂದು ಕಡೆ ಬಂಡೆ ಸೀಳಬೇಕು, ಇನ್ನೊಂದು ಕಡೆ ಗೋಡೆ ಬೀಳದಂತೆ ಕಾಯಬೇಕು. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾಗಿ ಎಕರೆಯ ಬೆಲೆ ಆಕಾಶಕ್ಕೆ ಹಾರಿದಾಗಲೂ ಊರೊಳಗಿನ ಮನೆಗಳ ಶೌಚಾಲಯದ ನೀರು ಹಿತ್ತಲಿನ ಗುಂಡಿಗೇ ಇಳಿಯುತ್ತಿತ್ತು. 2011ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಸುಮಾರು 28 ಸಾವಿರ.

ಪಿಟ್ ಎಂದರೆ ಇಲ್ಲಿ ಏನು ಎಂಬುದನ್ನು ಬಯಲುಸೀಮೆಯವರಿಗೆ ಹೇಳಬೇಕಾಗಿಲ್ಲ. ಏಳೆಂಟು ಅಡಿಯೋ ಹತ್ತು ಅಡಿಯೋ ತೋಡಿ, ಸಿಮೆಂಟಿನ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿ, ಮೇಲೆ ಕಲ್ಲು ಚಪ್ಪಡಿ ಮುಚ್ಚುತ್ತಾರೆ. ತಳಕ್ಕೆ ಕಾಂಕ್ರೀಟು ಹಾಕುವುದಿಲ್ಲ. ನೀರು ಮಣ್ಣಿಗೆ ಇಳಿಯುತ್ತದೆ, ಕೆಸರು ಉಳಿಯುತ್ತದೆ. ಗುಂಡಿ ಹತ್ತು ವರ್ಷ ತುಂಬದಿದ್ದರೆ ಮನೆಯವರಿಗೆ ಹೆಮ್ಮೆ. ‘ನಮ್ಮ ಪಿಟ್ ಒಳ್ಳೇದು, ನೀರು ಎಳ್ಕೊಳ್ಳುತ್ತೆ’ ಎನ್ನುತ್ತಾರೆ. ಎಳೆದುಕೊಂಡದ್ದು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಕೇಳಿದರು. ಅಲ್ಲಿನ ಕೊಳವೆಬಾವಿಗಳನ್ನು ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರೂ ಸೇರಿ ಅಧ್ಯಯನ ಮಾಡಿದಾಗ ಊರ ನಡುವಿನ ಹಲವು ಬಾವಿಗಳಲ್ಲಿ ನೈಟ್ರೇಟು ಕುಡಿಯುವ ನೀರಿನ ಮಿತಿಯಾದ ಲೀಟರಿಗೆ 45 ಮಿಲಿಗ್ರಾಂ ದಾಟಿತ್ತು. ಪಿಟ್ಟುಗಳೇ ಅದರ ಮೂಲ. ಹಿತ್ತಲಿನ ಒಂದು ಮೂಲೆಯಲ್ಲಿ ಗುಂಡಿ, ಇನ್ನೊಂದು ಮೂಲೆಯಲ್ಲಿ ಬೋರ್‌ವೆಲ್. ಎರಡರ ನಡುವೆ ಬಂಡೆಯ ಬಿರುಕು.

ಗುಂಡಿ ತುಂಬಿದ ದಿನ ಬರುವುದು ಗಾಡಿ. ಹಿಂದೆ ಉದ್ದನೆಯ ಟ್ಯಾಂಕು, ಪಕ್ಕದಲ್ಲಿ ಸುತ್ತಿಟ್ಟ ದಪ್ಪ ಪೈಪು, ಎಂಜಿನ್ನಿನ ಬಲದಿಂದ ಹೀರುವ ಪಂಪು. ಪುರಸಭೆಯ ಕಾಗದದಲ್ಲಿ ಸಕ್ಕಿಂಗ್ ಯಂತ್ರ, ಜನರ ಬಾಯಲ್ಲಿ ಪಿಟ್ ಗಾಡಿ. ಗೋಡೆಗಳ ಮೇಲೆ ಮೊಬೈಲ್ ನಂಬರು ಬರೆದುಕೊಂಡಿರುವ ಖಾಸಗಿಯವರೇ ಹೆಚ್ಚು. ಒಂದು ಸಲಕ್ಕೆ 3ರಿಂದ 4 ಸಾವಿರ ಲೀಟರ್ ತುಂಬಿಕೊಳ್ಳುತ್ತದೆ. ಈ ಗಾಡಿಗೆ ಊರು ಎಷ್ಟು ಋಣಿಯಾಗಿರಬೇಕು ಎಂಬುದು ಅದು ಬರುವ ಮುಂಚಿನ ಕಾಲವನ್ನು ನೆನೆದರೆ ತಿಳಿಯುತ್ತದೆ. ಆಗ ಗುಂಡಿಗೆ ಇಳಿಯುತ್ತಿದ್ದದ್ದು ಮನುಷ್ಯರು, ಅದೂ ಕೆಲವೇ ಜಾತಿಗಳ ಮನುಷ್ಯರು. ದೇವನಹಳ್ಳಿಯಿಂದ ಪೂರ್ವಕ್ಕೆ, ಕೋಲಾರ ದಾಟಿದರೆ ಕೆಜಿಎಫ್. ಮಲ ಹೊರುವವರ ಮನೆಯಲ್ಲಿ ಅಲ್ಲಿ ಹುಟ್ಟಿ ಬೆಳೆದ ಬೆಜವಾಡ ವಿಲ್ಸನ್ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿ, 2016ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಪಡೆದರು. 2013ರ ಕಾಯ್ದೆ ಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು ಅಪರಾಧ ಮಾಡಿತು. ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟ್, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಿಸಬೇಕಾಗಿ ಬಂತು ಎಂಬುದೇ ಸಾವು ನಿಂತಿಲ್ಲ ಎಂಬುದಕ್ಕೆ ಸಾಕ್ಷಿ.

ಗಾಡಿ ತುಂಬಿಕೊಂಡು ಹೊರಟಿತು. ಎಲ್ಲಿಗೆ?

ಸಣ್ಣ ಊರಿನ ನೈರ್ಮಲ್ಯದ ಕಥೆ ಹಾಳಾಗುವುದು ಇದೇ ತಿರುವಿನಲ್ಲಿ. ಮನೆಯಲ್ಲಿ ಶೌಚಾಲಯ ಕಟ್ಟಲು ಸರ್ಕಾರದ ಹಣ ಉಂಟು, ಫೋಟೊ ಉಂಟು, ಫಲಕ ಉಂಟು. ಪಿಟ್ ಗಾಡಿ ಖಾಲಿಯಾಗುವ ಜಾಗಕ್ಕೆ ಮಾತ್ರ ಬಹುಕಾಲ ಹೆಸರೇ ಇರಲಿಲ್ಲ. ಕತ್ತಲಾದ ಮೇಲೆ ರಾಜಕಾಲುವೆಯ ಸೇತುವೆ, ಕೆರೆಯಂಗಳ, ನೀಲಗಿರಿ ತೋಪು, ಎಲ್ಲಿ ಬೆಳಕಿಲ್ಲವೋ ಅಲ್ಲಿ. ಗಾಡಿಯವರನ್ನು ಬೈದು ಪ್ರಯೋಜನವಿಲ್ಲ. ಡೀಸೆಲ್ ಉಳಿದಷ್ಟೂ ಅವರ ಲಾಭ, ಸುರಿಯಲು ಬೇರೆ ಜಾಗವನ್ನು ಯಾರೂ ತೋರಿಸಿರಲಿಲ್ಲ. ಬೆಂಗಳೂರಿನ ಸುತ್ತಮುತ್ತಲಿನ ಕೆಲವು ರೈತರು ಮಾತ್ರ ಕರೆದು ಜಾಗ ತೋರಿಸಿದ್ದರು. ಬಾಳೆ, ತೆಂಗಿನ ತೋಟದ ನಡುವೆ ಕಾಲುವೆ ತೋಡಿ ಅದರಲ್ಲಿ ಸುರಿಸಿಕೊಂಡು, ಒಣಗಿದ ಮೇಲೆ ಮಣ್ಣು ಮುಚ್ಚುತ್ತಿದ್ದರು. ಗೊಬ್ಬರದ ಖರ್ಚು ಉಳಿಯುತ್ತಿತ್ತು, ಇಳುವರಿಯೂ ಬರುತ್ತಿತ್ತು. ರೈತನ ಲೆಕ್ಕ ತಪ್ಪಲ್ಲ. ಆದರೆ ಹಸಿ ಕೆಸರಿನಲ್ಲಿ ಜಂತುಹುಳುವಿನ ಮೊಟ್ಟೆಗಳಿರುತ್ತವೆ. ಮಣ್ಣಿನಲ್ಲಿ ಅವು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬದುಕುತ್ತವೆ. ಬರಿಗಾಲಲ್ಲಿ, ಬರಿಗೈಲಿ ದುಡಿಯುವ ಕೂಲಿಯವರ ಮಕ್ಕಳ ಹೊಟ್ಟೆಗೆ ಅವು ಹೋಗಿ ಸೇರುತ್ತವೆ.

2015ರ ನವೆಂಬರಿನಲ್ಲಿ ದೇವನಹಳ್ಳಿಯ ಅಂಚಿನಲ್ಲಿ ಆ ಗಾಡಿಗೆ ಒಂದು ವಿಳಾಸ ಸಿಕ್ಕಿತು. ಪುರಸಭೆ ಜಾಗ ಕೊಟ್ಟಿತು. ಬೆಂಗಳೂರಿನ ಸಿಡಿಡಿ ಸೊಸೈಟಿ ಎಂಬ ಸಂಸ್ಥೆ ವಿನ್ಯಾಸ ಮಾಡಿ ಕಟ್ಟಿಸಿತು. ಗೇಟ್ಸ್ ಪ್ರತಿಷ್ಠಾನದ ನೆರವಿತ್ತು. ಒಂದು ಇಡೀ ಊರಿನ ಪಿಟ್ ಕೆಸರಿಗೆಂದೇ ದೇಶದಲ್ಲಿ ಕಟ್ಟಿದ ಮೊದಲ ಘಟಕ ಎಂದು ಇದನ್ನು ಗುರುತಿಸುತ್ತಾರೆ. ಸಾಮರ್ಥ್ಯ ದಿನಕ್ಕೆ 6 ಸಾವಿರ ಲೀಟರ್, ಅಂದರೆ ಒಂದೂವರೆ, ಎರಡು ಗಾಡಿ.

ನೋಡಲು ಹೋದವರಿಗೆ ಮೊದಲು ಆಗುವುದು ನಿರಾಸೆ. ಯಂತ್ರಗಳ ಸದ್ದಿಲ್ಲ, ತಿರುಗುವ ಚಕ್ರಗಳಿಲ್ಲ. ಇಳಿಜಾರಿನಲ್ಲಿ ಒಂದರ ಕೆಳಗೊಂದು ಮುಚ್ಚಿದ ತೊಟ್ಟಿಗಳು, ಪಾರದರ್ಶಕ ಸೂರಿನ ಕೆಳಗೆ ಮರಳಿನ ಮಡಿಗಳು, ಕೊನೆಯಲ್ಲಿ ಕಾಬಾಳೆ ಗಿಡಗಳ ಒಂದು ಪಾತಿ. ಸಂಸ್ಕರಣೆಯ ಕೆಲಸವನ್ನೆಲ್ಲ ಇಳಿಜಾರು, ಬ್ಯಾಕ್ಟೀರಿಯಾ, ಬಿಸಿಲು ಮಾಡುತ್ತವೆ. ಕರೆಂಟು ಬಂದರೆಷ್ಟು, ಹೋದರೆಷ್ಟು! ಸಣ್ಣ ಊರಿನ ಎಸ್‌ಟಿಪಿಗಳು ಸಾಯುವುದು ಸಾಮಾನ್ಯವಾಗಿ ಕರೆಂಟಿನ ಬಿಲ್ಲಿನಿಂದ ಮತ್ತು ಸುಟ್ಟುಹೋದ ಮೋಟಾರಿನಿಂದ ಎಂಬುದನ್ನು ಬಲ್ಲವರಿಗೆ ಈ ಮೌನದ ಬೆಲೆ ಗೊತ್ತು.

ಗಾಡಿ ಮೇಲ್ಭಾಗದಲ್ಲಿ ನಿಂತು ಪೈಪು ಬಿಡುತ್ತದೆ. ಮೊದಲು ಅಡ್ಡ ಬರುವುದು ಕಂಬಿಯ ಜಾಲರಿ. ಮಲಕ್ಕಿಂತ ಇಲ್ಲಿ ಸಿಗುವ ವಸ್ತುಗಳು ಊರಿನ ಬಗ್ಗೆ ಹೆಚ್ಚು ಹೇಳುತ್ತವೆ: ಸ್ಯಾನಿಟರಿ ಪ್ಯಾಡು, ಪ್ಲಾಸ್ಟಿಕ್ ಕವರು, ಶ್ಯಾಂಪೂ ಪೊಟ್ಟಣ, ಬಟ್ಟೆಯ ಚೂರು. ಪಿಟ್ಟಿಗೆ ಏನು ಹಾಕಿದರೂ ನಡೆಯುತ್ತದೆ ಎಂಬ ನಂಬಿಕೆ ಆ ಜಾಲರಿಯ ಮೇಲೆ ದಿನವೂ ಬಂದು ಕೂರುತ್ತದೆ. ಅದನ್ನು ಕೈಗವಸು ಹಾಕಿದ ಕೆಲಸಗಾರರು ಕೆರೆದು ತೆಗೆಯಬೇಕು. ಜಾಲರಿ ದಾಟಿದ ಕೆಸರು ಗಾಳಿಯಾಡದ ಡೈಜೆಸ್ಟರಿನಲ್ಲಿ, ಆಮೇಲೆ ಇನ್ನೊಂದು ತೊಟ್ಟಿಯಲ್ಲಿ ದಿನಗಟ್ಟಲೆ ಕೊಳೆತು ಹದಕ್ಕೆ ಬರುತ್ತದೆ. ಅಷ್ಟು ಹೊತ್ತಿಗೆ ನಾತದ ಹರಿತ ಕಡಿಮೆಯಾಗಿರುತ್ತದೆ. ಅಲ್ಲಿಂದ ಮರಳು, ಜಲ್ಲಿ ಹಾಸಿದ ಒಣಮಡಿಗಳಿಗೆ. ನೀರು ಕೆಳಗೆ ಬಸಿಯುತ್ತದೆ, ಮೇಲೆ ಉಳಿದದ್ದು ಬಿಸಿಲಿಗೆ ಬಿರಿದು ಹಪ್ಪಳದಂತೆ ಏಳುತ್ತದೆ. ಚಿತ್ತಾಮಳೆ ಹಿಡಿದುಕೊಂಡರೆ ಕೆಲಸ ನಿಧಾನ, ಬೇಸಿಗೆಯಲ್ಲಿ ಚುರುಕು. ಬಸಿದ ನೀರು ಇನ್ನಷ್ಟು ಕೋಣೆಗಳನ್ನು ಹಾದು, ಕಾಬಾಳೆಯ ಬೇರುಗಳ ನಡುವೆ ನುಸುಳಿ, ಗಿಡಗಳಿಗೆ ಹಾಯಿಸುವಷ್ಟು ತಿಳಿಯಾಗುತ್ತದೆ.

ಒಣಗಿದ ಕೆಸರು ನೋಡಲು ಮಣ್ಣಿನಂತೆಯೇ ಇದ್ದರೂ ಜಂತುಹುಳುವಿನ ಮೊಟ್ಟೆ ಒಣಗಿಸಿದ ಮಾತ್ರಕ್ಕೆ ಸಾಯುವುದಿಲ್ಲ. ಅದಕ್ಕೇ ಮುಂದಿನ ಹಂತ. ಊರಿನ ಹಸಿಕಸದ ಜತೆ ಬೆರೆಸಿ ರಾಶಿ ಹಾಕುತ್ತಾರೆ. ತರಕಾರಿ ಸಿಪ್ಪೆಯಲ್ಲಿ ಇಂಗಾಲ ಹೆಚ್ಚು, ಕೆಸರಿನಲ್ಲಿ ಸಾರಜನಕ ಹೆಚ್ಚು. ಎರಡೂ ಕೂಡಿದರೆ ರಾಶಿ ತಾನಾಗಿ ಕಾಯುತ್ತದೆ. 55 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ನಿಂತರೆ ಮೊಟ್ಟೆಗಳು ಉಳಿಯುವುದಿಲ್ಲ. ಮಧ್ಯೆ ಮಧ್ಯೆ ತಿರುವಿ ಹಾಕಿ, ಮಾಗಲು ಬಿಟ್ಟು, ಜರಡಿ ಹಿಡಿದರೆ ಕಪ್ಪು ಗೊಬ್ಬರ. ಬೆಂಗಳೂರು ನೀಲಿ ದ್ರಾಕ್ಷಿಗೂ ದೇವನಹಳ್ಳಿ ಚಕ್ಕೋತಕ್ಕೂ ಭೌಗೋಳಿಕ ಗುರುತು ಇರುವ ಈ ಸೀಮೆಯಲ್ಲಿ ಕೊಟ್ಟಿಗೆ ಗೊಬ್ಬರಕ್ಕೆ ಬರ. ಹಸುಗಳಿದ್ದ ಮನೆಗಳೇ ಕಡಿಮೆಯಾಗಿವೆ. ಮನುಷ್ಯರ ಮಲದ ಗೊಬ್ಬರ ಎಂದರೆ ಮೊದಲು ಹಿಂದೆ ಸರಿಯುವವರೂ ಪಕ್ಕದ ತೋಟದ ಗೊನೆ ನೋಡಿದ ಮೇಲೆ ವಿಚಾರಿಸುತ್ತಾರೆ. ರೈತರು ನಂಬುವುದು ಕಣ್ಣಾರೆ ಕಂಡದ್ದನ್ನೇ.

ಈ ಘಟಕ ಶುರುವಾಗಿ ಎರಡು ವರ್ಷ ತುಂಬುವ ಮೊದಲೇ, 2017ರಲ್ಲಿ, ಕೇಂದ್ರ ಸರ್ಕಾರ ಮಲತ್ಯಾಜ್ಯ ನಿರ್ವಹಣೆಗೆ ರಾಷ್ಟ್ರೀಯ ನೀತಿ ಹೊರಡಿಸಿತು. ಅದೇ ವರ್ಷ ಲಡಾಖಿನ ಲೇಹ್‌ನಲ್ಲಿ, ಮರು ವರ್ಷ ಒಡಿಶಾದ ಢೆಂಕನಾಲ್‌ನಲ್ಲಿ ಇಂಥವೇ ಘಟಕಗಳು ಎದ್ದವು. ಲೇಹ್‌ನದು ದಿನಕ್ಕೆ 12 ಸಾವಿರ ಲೀಟರ್, ಢೆಂಕನಾಲ್‌ನದು 27 ಸಾವಿರ. ಒಡಿಶಾ ಅಲ್ಲಿಗೆ ನಿಲ್ಲದೆ ಊರೂರಿಗೂ ಕಟ್ಟುತ್ತ ಹೋಯಿತು. ದಾರಿ ತೋರಿಸಿದ್ದು ಕರ್ನಾಟಕ, ಓಡಿದ್ದು ಒಡಿಶಾ ಎನ್ನದೆ ವಿಧಿಯಿಲ್ಲ.

ಇಷ್ಟು ಹೊಗಳಿದ ಮೇಲೆ ಒಂದು ಗುಣಾಕಾರವನ್ನೂ ಮಾಡಬೇಕು. ಸರ್ಕಾರಿ ಮಾನದಂಡದಂತೆ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ನೂರಕ್ಕೆ 80 ಪಾಲು ಕೊಳಚೆಯಾಗಿ ಹೊರಬರುತ್ತದೆ. 28 ಸಾವಿರ ಜನರಿಗೆ ಲೆಕ್ಕ ಹಾಕಿದರೆ ದಿನಕ್ಕೆ 30 ಲಕ್ಷ ಲೀಟರ್. ನಲ್ಲಿಯಲ್ಲಿ ಅದರ ಅರ್ಧವೇ ಬರುತ್ತದೆ ಎಂದುಕೊಂಡರೂ 15 ಲಕ್ಷ. ಘಟಕ ಮುಟ್ಟುವುದು 6 ಸಾವಿರ ಲೀಟರನ್ನು. ಆ 6 ಸಾವಿರ ಲೀಟರ್ ಅತ್ಯಂತ ಅಪಾಯದ್ದು, ಗಟ್ಟಿಯಾದದ್ದು, ಅದನ್ನು ಹಿಡಿದದ್ದು ದೊಡ್ಡ ಕೆಲಸ. ಆದರೆ ಸ್ನಾನ, ಬಟ್ಟೆ, ಪಾತ್ರೆಯ ನೀರು ಪಿಟ್ಟಿಗೆ ಹೋಗುವುದೇ ಇಲ್ಲ, ಹೋದರೆ ಗುಂಡಿ ವಾರದಲ್ಲಿ ತುಂಬಿಬಿಡುತ್ತದೆ. ಅದು ಬೀದಿ ಚರಂಡಿ ಹಿಡಿದು, ತಗ್ಗು ಹುಡುಕಿ, ಕೆರೆಯ ಕಡೆಗೇ ನಡೆಯುತ್ತದೆ. ಸಣ್ಣ ಊರುಗಳ ಕೆರೆಗಳಲ್ಲಿ ಅಂತರಗಂಗೆ ಹಬ್ಬಲು ಸೋಪಿನ ರಂಜಕವೂ ಅಡುಗೆಮನೆಯ ತೊಳೆನೀರೂ ಸಾಕು. ಮಲತ್ಯಾಜ್ಯ ಘಟಕ ಕಟ್ಟಿದೆವು, ಇನ್ನು ಯುಜಿಡಿ ಬೇಡ, ಚರಂಡಿಯ ತುದಿಯಲ್ಲಿ ಜೌಗೂ ಬೇಡ ಎನ್ನುವವರು ಈ ಗುಣಾಕಾರ ಮಾಡಿಲ್ಲ.

ಇದೇ ಊರಿನಲ್ಲಿ ಇದಕ್ಕಿಂತ ವಿಚಿತ್ರವಾದ ಒಂದು ನೀರಿನ ಸಂಗತಿ ಇದೆ. ಊರಿಗೆ ಹೊಂದಿಕೊಂಡಿರುವ ಸಿಹಿನೀರು ಕೆರೆ ವರ್ಷಗಟ್ಟಲೆ ಒಣಗಿ ಬಿದ್ದಿತ್ತು. ಪಕ್ಕದ ಹಳೆಯ ತೆರೆದ ಬಾವಿ ಒಂದು ಕಾಲಕ್ಕೆ ಊರಿಗೆ ನೀರು ಕೊಟ್ಟದ್ದು, ಅದೂ ಪಾಳುಬಿದ್ದಿತ್ತು. ಊರು ಸಾವಿರ ಅಡಿಯ ಬೋರ್‌ವೆಲ್ಲುಗಳ ಹಿಂದೆ ಬಿದ್ದಿತ್ತು. ಆಮೇಲೆ ಹೆಬ್ಬಾಳ–ನಾಗವಾರ ಕಣಿವೆ ಯೋಜನೆ ಬಂತು. ಜನರು ಎಚ್‌.ಎನ್. ವ್ಯಾಲಿ ಎನ್ನುವುದು ಇದನ್ನೇ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ, ದಿನಕ್ಕೆ 21 ಕೋಟಿ ಲೀಟರಿನಂತೆ ಪಂಪು ಮಾಡಿ, ಬೆಂಗಳೂರು ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರದ ಕೆರೆಗಳಿಗೆ ತುಂಬಿಸುವ ಲೆಕ್ಕ. ಇಳಿಜಾರಿನಲ್ಲಿ ದಕ್ಷಿಣಕ್ಕೆ ಹರಿಯಬೇಕಾದ ನೀರು ಹೀಗೆ ಉತ್ತರಕ್ಕೆ ಹತ್ತಿ ಬಂದು ಸಿಹಿನೀರು ಕೆರೆಯನ್ನೂ ತುಂಬಿತು.

ಕೆರೆಯ ನೀರನ್ನು ಯಾರೂ ನೇರವಾಗಿ ನಲ್ಲಿಗೆ ಬಿಡಲಿಲ್ಲ. ಕೆರೆಯಿಂದ ಮಣ್ಣಿನೊಳಗೆ ಇಂಗಿ, ಸೋಸಿ, ಪಕ್ಕದ ಬಾವಿಯಲ್ಲೂ ಆಳವಿಲ್ಲದ ಕೊಳವೆಗಳಲ್ಲೂ ಬಂದು ನಿಂತ ನೀರನ್ನು ಎತ್ತಿ, ಶುದ್ಧೀಕರಿಸಿ, ಪರೀಕ್ಷಿಸಿ ಊರಿಗೆ ಕೊಡುವ ವ್ಯವಸ್ಥೆಯನ್ನು ಪುರಸಭೆ ಮತ್ತು ಬಯೋಮ್ ಎನ್ವಿರಾನ್ಮೆಂಟಲ್ ಟ್ರಸ್ಟ್ ಸೇರಿ ಮಾಡಿದವು. ಬಾವಿಯ ಹೂಳು ತೆಗೆದಾಗ ಅದಕ್ಕೆ ಮತ್ತೆ ಜೀವ ಬಂತು. ನದಿಯ ದಡದಲ್ಲಿ ಚಿಲುಮೆ ತೋಡಿ ನೀರು ಕುಡಿಯುತ್ತಿದ್ದವರಿಗೆ ಈ ಉಪಾಯ ಹೊಸದಲ್ಲ. ಹೊಸದಾಗಿದ್ದು ನೀರಿನ ಮೂಲ ಮಾತ್ರ.

ಈ ನೀರಿನ ಬಗ್ಗೆ ತಕರಾರು ಇಲ್ಲದಿಲ್ಲ. ಇದರ ಅಣ್ಣನಂತಿರುವ, ಬೆಂಗಳೂರಿನ ಕೊಳಚೆಯನ್ನೇ ಶುದ್ಧ ಮಾಡಿ ಸಾಗಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದಾಗ ಜನ ಸಂಭ್ರಮಪಟ್ಟರು. ಜುಲೈನಲ್ಲಿ ನೊರೆ ಎದ್ದಾಗ ಹೌಹಾರಿದರು. ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಎರಡು ಹಂತ ಸಾಲದು, ಮೂರನೇ ಹಂತದ ಶುದ್ಧೀಕರಣ ಮಾಡಿಯೇ ಕೊಡಿ ಎಂಬುದು ಶಾಶ್ವತ ನೀರಾವರಿ ಹೋರಾಟ ಸಮಿತಿಯ ಬೇಡಿಕೆ. ಅದರಲ್ಲಿ ಅನ್ಯಾಯದ್ದೇನೂ ಇಲ್ಲ. ನಗರ ತಾನು ಬಳಸಿ ಬಿಟ್ಟದ್ದನ್ನು ಬರದ ಜಿಲ್ಲೆಗೆ ದಾನ ಕೊಟ್ಟಂತೆ ಮಾತಾಡುವುದು ಸರಿಯಲ್ಲ. ಬತ್ತಿದ ಕೆರೆಯವರು ಕೊಟ್ಟದ್ದನ್ನು ತೆಗೆದುಕೊಂಡು ಸುಮ್ಮನಿರಬೇಕೆಂಬುದು ಅದಕ್ಕಿಂತ ತಪ್ಪು. ಹಾಗೆಂದು ಕೆರೆ ತುಂಬಿದ ಮೇಲೆ ಬೋರ್‌ವೆಲ್ಲುಗಳು ಚೇತರಿಸಿಕೊಂಡದ್ದನ್ನು ಕಂಡ ರೈತರು ನೀರೇ ಬೇಡ ಎನ್ನುವುದಿಲ್ಲ. ಒಳ್ಳೆಯ ನೀರು ಕೊಡಿ ಎನ್ನುತ್ತಾರೆ, ಅಷ್ಟೆ. ಬೆಂಗಳೂರಿನ ಕೆಳಗೆ ದಕ್ಷಿಣ ಪಿನಾಕಿನಿ ಹೊಸೂರಿನ ಹತ್ತಿರದ ಕೆಲವರಪಳ್ಳಿ ಅಣೆಕಟ್ಟೆಗೆ ತರುವ ನೊರೆಯನ್ನು ನೋಡಿದವರಿಗೆ ಅವರ ಭಯ ಅರ್ಥವಾಗುತ್ತದೆ.

ದೇವನಹಳ್ಳಿಯಿಂದ ಪಶ್ಚಿಮಕ್ಕೆ ದೊಡ್ಡಬಳ್ಳಾಪುರ ಹತ್ತಿರದ ದಾರಿ. ದ್ರಾಕ್ಷಿ ಚಪ್ಪರ, ಗುಲಾಬಿಯ ಪಾಲಿಹೌಸು, ಬಡಾವಣೆಗಳ ಬಾವುಟ ದಾಟಿ ಊರು ಹೊಕ್ಕರೆ ಕಿವಿಗೆ ಬೀಳುವುದು ಮಗ್ಗದ ಸದ್ದು. ಇದು ನೇಕಾರರ ಊರು, 2011ರಲ್ಲೇ 80 ಸಾವಿರಕ್ಕೂ ಹೆಚ್ಚು ಜನ. ಇಲ್ಲಿ ಯುಜಿಡಿ ಇದೆ, ಎಸ್‌ಟಿಪಿ ಇದೆ. ಕಾಗದದ ಲೆಕ್ಕದಲ್ಲಿ ದೇವನಹಳ್ಳಿಗಿಂತ ಮುಂದೆ.

ಊರಿನ ಕೆಳಗೆ ಚಿಕ್ಕತುಮಕೂರು ಕೆರೆ, ಅದರ ಕೆಳಗೆ ದೊಡ್ಡತುಮಕೂರು ಕೆರೆ. ಎರಡೂ ಅರ್ಕಾವತಿಯ ಸರಪಳಿಯವು. ನಗರದ ಒಳಚರಂಡಿ ನೀರು ಮತ್ತು ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ತ್ಯಾಜ್ಯ ಸೇರಿ ಈ ಕೆರೆಗಳು ಕೆಟ್ಟಿವೆ, ಕೊಳವೆಬಾವಿಯ ನೀರೂ ಕುಡಿಯಲಾಗದಂತಾಗಿದೆ ಎಂದು ದೊಡ್ಡತುಮಕೂರು, ಮಜರಾ ಹೊಸಹಳ್ಳಿ ಪಂಚಾಯಿತಿಗಳ ಜನ ವರ್ಷಗಳಿಂದ ಹೋರಾಡುತ್ತಿದ್ದಾರೆ. ಅರ್ಕಾವತಿ ನದಿ ಹೋರಾಟ ಸಮಿತಿ ಕಟ್ಟಿಕೊಂಡು ಧರಣಿ ಕೂತರು, ಪಾದಯಾತ್ರೆ ಮಾಡಿದರು, ಮತದಾನ ಬಹಿಷ್ಕರಿಸುವುದಾಗಿಯೂ ಹೇಳಿದರು. ಕೆರೆಯ ಕೋಡಿ ಬಿದ್ದರೆ ಹಿಂದೆ ಪೂಜೆ ಮಾಡುತ್ತಿದ್ದ ಹಳ್ಳಿಗಳು ಇವು.

ಯುಜಿಡಿ ಇಲ್ಲದ ಊರು ತನ್ನ ಮಲವನ್ನು ಹಿಡಿದು ಗೊಬ್ಬರ ಮಾಡಿತು. ಯುಜಿಡಿ ಇದ್ದ ಊರಿನ ಕೊಳೆ ಕೆಳಗಿನ ಹಳ್ಳಿಗಳ ಪಾಲಾಯಿತು. ಪೈಪು ಶುದ್ಧ ಮಾಡುವುದಿಲ್ಲ, ಸಾಗಿಸುತ್ತದೆ. ಪಿಟ್ಟಿನಲ್ಲಿದ್ದಾಗ ಸಾವಿರ ಹಿತ್ತಲುಗಳಲ್ಲಿ ಹಂಚಿಹೋಗಿದ್ದ ಕೊಳೆಯನ್ನು ಒಂದೇ ಬಾಯಿಗೆ ತಂದು ನಿಲ್ಲಿಸುತ್ತದೆ. ಆ ಬಾಯಿಯಲ್ಲಿರುವ ಘಟಕ ಸಣ್ಣದಿದ್ದರೆ, ಕೆಟ್ಟು ನಿಂತಿದ್ದರೆ, ಕಾರ್ಖಾನೆಯ ರಾಸಾಯನಿಕ ಅದರೊಳಗೆ ನುಗ್ಗಿ ಬ್ಯಾಕ್ಟೀರಿಯಾಗಳನ್ನೇ ಕೊಂದರೆ, ಕೆರೆಗೆ ಪಿಟ್ಟಿಗಿಂತ ಪೈಪೇ ಕಂಟಕ. ಇದೇ ಅರ್ಕಾವತಿಗೆ 1894ರಲ್ಲಿ ಹೆಸರಘಟ್ಟದಲ್ಲೂ 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲೂ ಬೆಂಗಳೂರಿಗೆ ಕುಡಿಯುವ ನೀರು ಕೊಡಲೆಂದು ಅಡ್ಡಗಟ್ಟೆ ಹಾಕಿದ್ದರು ಎಂಬುದನ್ನು ದೊಡ್ಡತುಮಕೂರಿನ ಏರಿಯ ಮೇಲೆ ನಿಂತು ನೆನೆಯುವುದು ಕಷ್ಟ.

ಇದು ಈ ಎರಡು ಊರುಗಳ ಕಥೆಯಷ್ಟೇ ಅಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2021ರಲ್ಲಿ ಹೊರತಂದ ಲೆಕ್ಕದ ಪ್ರಕಾರ ಕರ್ನಾಟಕದ ನಗರ, ಪಟ್ಟಣಗಳಲ್ಲಿ ದಿನಕ್ಕೆ 446 ಕೋಟಿ ಲೀಟರಿನಷ್ಟು ಕೊಳಚೆ ಹುಟ್ಟುತ್ತದೆ. ಕಟ್ಟಿರುವ ಎಸ್‌ಟಿಪಿಗಳ ಒಟ್ಟು ಸಾಮರ್ಥ್ಯ 271 ಕೋಟಿ ಲೀಟರ್. ನಿಜವಾಗಿ ಅವುಗಳೊಳಗೆ ಹೋಗುತ್ತಿದ್ದದ್ದು 179 ಕೋಟಿ. ಕಟ್ಟದೆ ಇರುವುದು ಒಂದು ಸಮಸ್ಯೆ, ಕಟ್ಟಿದ್ದನ್ನು ನಡೆಸದೆ ಇರುವುದು ಇನ್ನೊಂದು. ಎರಡನೆಯದಕ್ಕೆ ಶಂಕುಸ್ಥಾಪನೆ, ಉದ್ಘಾಟನೆ ಇಲ್ಲವಾದ್ದರಿಂದ ಅದು ಸುದ್ದಿಯಾಗುವುದಿಲ್ಲ.

ನಂದಿಬೆಟ್ಟಕ್ಕೆ ಹೋಗುವವರು ಇನ್ನೊಮ್ಮೆ ಬೈಪಾಸು ಬಿಟ್ಟು ಊರೊಳಗೆ ಇಳಿಯಲಿ. ಸಿಹಿನೀರು ಕೆರೆಯನ್ನೂ ಕಾಬಾಳೆಯ ಪಾತಿಯನ್ನೂ ನೋಡಿಕೊಂಡು, ವಾಪಸಾಗುವಾಗ ದೊಡ್ಡತುಮಕೂರಿನ ಏರಿಯ ಮೇಲೂ ನಿಲ್ಲಲಿ. ಸಣ್ಣ ಊರಿನಲ್ಲಿ ಮನೆಯಿರುವವರು ಎರಡು ಮೂರು ವರ್ಷಕ್ಕೊಮ್ಮೆ ಪಿಟ್ಟನ್ನು ಖಾಲಿ ಮಾಡಿಸಲಿ, ಹಣ ಎಣಿಸುವ ಮುಂಚೆ ಗಾಡಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಲಿ. ಯುಜಿಡಿ ಇದ್ದವರು ಪುರಸಭೆಯನ್ನು ಕೇಳಬೇಕಾದದ್ದು ಬೇರೆ: ನಮ್ಮ ಎಸ್‌ಟಿಪಿಗೆ ಹೋದ ತಿಂಗಳು ಎಷ್ಟು ನೀರು ಬಂತು, ಹೊರಬಿದ್ದ ನೀರಿನ ಬಿಒಡಿ ಎಷ್ಟಿತ್ತು, ಆ ನೀರು ಯಾವ ಕೆರೆ ಸೇರಿತು? ಬಾಯಿಮಾತಿಗೆ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದೆ. ಶುಲ್ಕ 10 ರೂಪಾಯಿ, ಉತ್ತರ ಕೊಡಲು ಅವರಿಗಿರುವ ಗಡುವು 30 ದಿನ.